ಸೀಲಿಂಗ್ ಮುಚ್ಚೋ ಮುಂಚೆ ಒಂದ್ಸಲ ಮೇಲೆ ನೋಡಿ

ನಮ್ಮ ಆಫೀಸಿಗೆ ಹೊಸ ರೂಪ ಕೊಟ್ಟಾಗ ರಿಸೆಪ್ಷನ್ ಗೋಡೆಗೆ ಪಾಚಿ ಅಂಟಿಸಿದರು. ನಿಜವಾದ ಪಾಚಿ ಸ್ವಾಮಿ, ಒಣಗಿಸಿ ಬಣ್ಣ ಹಾಕಿದ್ದು. ಊರಲ್ಲಿ ಬಾವಿಕಟ್ಟೆ ಮೇಲೆ ಪಾಚಿ ಕಟ್ಟಿದರೆ ಅಮ್ಮ ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದಳು. ಇಲ್ಲಿ ಅದಕ್ಕೆ ಚದರಡಿ ಲೆಕ್ಕದಲ್ಲಿ ದುಡ್ಡು. ಇರಲಿ, ಚೆನ್ನಾಗೇ ಕಾಣುತ್ತೆ. ನನ್ನ ಜಗಳ ಪಾಚಿ ಜೊತೆಗಲ್ಲ. ಪಾಚಿಗೆ ಹತ್ತು ನಿಮಿಷದಲ್ಲಿ ಒಪ್ಪಿಗೆ ಕೊಟ್ಟ ಅದೇ ಮೀಟಿಂಗಿನಲ್ಲಿ, ನೆಟ್‌ವರ್ಕ್ ಕೇಬಲ್ಲಿನ ಖರ್ಚು ಬಂದಾಗ ಎದ್ದ ಪ್ರಶ್ನೆಯ ಜೊತೆಗೆ: "ವೈಫೈ ಇದೆಯಲ್ಲ, ಕೇಬಲ್ ಯಾಕ್ರೀ?"

ಕೇಳಿದವರು ದಡ್ಡರಲ್ಲ. ಎಲ್ಲರೂ ಎಂಜಿನಿಯರುಗಳೇ. ಆದರೂ ಹೇಳಬೇಕಾಯ್ತು: ವೈಫೈ ಅನ್ನೋದು ಕೊನೆಯ ಹತ್ತಿಪ್ಪತ್ತು ಮೀಟರಿನ ಮಾತು. ಸೀಲಿಂಗಿಗೆ ಅಂಟಿಕೊಂಡಿರುವ ಆ ಬಿಳಿ ತಟ್ಟೆಯ ಬೆನ್ನಿಗೆ ಒಂದು ಕೇಬಲ್ ಇದೆ. ಡೇಟಾ ಬರೋದೂ ಅದರಲ್ಲೇ, ತಟ್ಟೆಗೆ ಬೇಕಾದ ಕರೆಂಟು ಬರೋದೂ ಅದರಲ್ಲೇ. ಕ್ಯಾಮೆರಾ, ಬಾಗಿಲಿನ ಕಾರ್ಡ್ ರೀಡರ್, ಟೇಬಲ್ ಮೇಲಿನ ಫೋನು ಎಲ್ಲದರದ್ದೂ ಇದೇ ಕಥೆ. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಟೇಬಲ್ಲಿಗೆ ಎರಡಿದ್ದ ಪಾಯಿಂಟು ಒಂದಾಗಿತ್ತು. ಉಳಿದದ್ದನ್ನೂ "ಸ್ವಲ್ಪ ನೆಗೋಷಿಯೇಟ್ ಮಾಡಿ" ಅಂತ ಆಯ್ತು.

ನೆಗೋಷಿಯೇಟ್ ಮಾಡಿದರೆ ಏನಾಗುತ್ತೆ ಗೊತ್ತಾ? ಇಂಟೀರಿಯರ್ ಕಂಟ್ರಾಕ್ಟರ್ ತನ್ನ ಪಾಲು ಇಟ್ಟುಕೊಂಡು ಸಬ್ ಕಂಟ್ರಾಕ್ಟರಿಗೆ ಕೊಡ್ತಾನೆ. ಅವನು ತನ್ನದು ಇಟ್ಟುಕೊಂಡು ಮೇಸ್ತ್ರಿಗೆ ಕೊಡ್ತಾನೆ. ಕೊನೆಗೆ ರಾತ್ರಿ ಹತ್ತು ಗಂಟೆಗೆ ಇಬ್ಬರು ಹುಡುಗರು ಏಣಿ ಹೊತ್ತುಕೊಂಡು ಬರ್ತಾರೆ. ಮೂರು ರಾತ್ರಿಯಲ್ಲಿ ಕೆಲಸ ಮುಗೀಬೇಕು, ಯಾಕಂದ್ರೆ ಜಿಪ್ಸಮ್ ಸೀಲಿಂಗಿನವರು ಕಾಯ್ತಿದಾರೆ, ಸೋಮವಾರ ಉದ್ಘಾಟನೆ.

ಮೂರನೇ ರಾತ್ರಿ, ಕಲಬುರಗಿ ಕಡೆಯ ಹುಡುಗನೊಬ್ಬ ನನ್ನನ್ನು ಮೂಲೆಗೆ ಕರೆದ. 305 ಮೀಟರಿನ ಕೇಬಲ್ ಡಬ್ಬ ಎತ್ತಿ ನನ್ನ ಕೈಗೆ ಕೊಟ್ಟ. "ಹಗುರ ಅದ ನೋಡ್ರಿ." ಆಮೇಲೆ ಒಂದು ತಂತಿ ಬಿಡಿಸಿ ಬ್ಲೇಡಿನಿಂದ ಕೆರೆದ. ಮೇಲೆ ಕೆಂಪು, ಒಳಗೆ ಬಿಳಿ. "ಸರ್, ಇದು ಪೂರಾ ತಾಮ್ರ ಅಲ್ರಿ."

ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳ್ಳನೆ ಲೇಪ. ಡಬ್ಬದ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ ಕ್ಯಾಟ್ 6. ಕ್ಯಾಟ್ 6ರ ಮಾನದಂಡ ಇಂಥ ತಂತಿಯನ್ನು ಒಪ್ಪುವುದೇ ಇಲ್ಲ. ತಾಮ್ರದಷ್ಟು ಸರಾಗವಾಗಿ ಕರೆಂಟು ಹರಿಯಲ್ಲ, ಹಾಗಾಗಿ ತಂತಿ ಬಿಸಿಯಾಗುತ್ತೆ, ಉದ್ದ ಹೆಚ್ಚಾದಷ್ಟೂ ವೋಲ್ಟೇಜ್ ಇಳಿಯುತ್ತೆ. ಈಥರ್ನೆಟ್ ಕೇಬಲ್ಲಿನಲ್ಲೇ 90 ವ್ಯಾಟಿನವರೆಗೆ ಕರೆಂಟು ಕಳಿಸಬಹುದು ಅಂತ 2018ರ ಮಾನದಂಡ ಹೇಳುವ ಕಾಲದಲ್ಲಿ, ನಾವು ಸೀಲಿಂಗಿನೊಳಗೆ ತುಂಬುತ್ತಿದ್ದದ್ದು ಇದನ್ನು.

ನಾನು ಏನಂದೆ? "ಸರಿ, ಬೆಳಿಗ್ಗೆ ಮಾತಾಡ್ತೀನಿ." ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅರ್ಧ ಸೀಲಿಂಗ್ ಮುಚ್ಚಿತ್ತು. ಸೂಪರ್‌ವೈಸರ್ ಅಂಗೈಯಗಲದ ಟೆಸ್ಟರ್ ಹಿಡಿದು ಪ್ರತಿ ಪಾಯಿಂಟಿಗೂ ಚುಚ್ಚಿ ತೋರಿಸಿದ. 1ರಿಂದ 8ರವರೆಗೆ ಒಂದಾದ ಮೇಲೊಂದು ಹಸಿರು ದೀಪ. "ಎಲ್ಲಾ ಪಾಸ್ ಸಾರ್." ಆ ದೀಪ ಹೇಳೋದು ಎಂಟು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆ ಅಂತ, ಅಷ್ಟೇ. ತಂತಿ ತಾಮ್ರದ್ದೋ, ಜೋಡಿಗಳ ನಡುವೆ ಸಿಗ್ನಲ್ ಸೋರುತ್ತಿದೆಯೋ, ಸಾಕೆಟಿನಿಂದ ರ‍್ಯಾಕಿನವರೆಗೆ 90 ಮೀಟರಿನ ಮಿತಿ ದಾಟಿದೆಯೋ, ಯಾವುದನ್ನೂ ಅದು ಹೇಳಲ್ಲ. ಅದನ್ನೆಲ್ಲ ಅಳೆಯುವ ಸರ್ಟಿಫೈಯರ್ ಯಂತ್ರ ಬೇರೆಯೇ ಇದೆ. ಲಕ್ಷಗಟ್ಟಲೆ ಬೆಲೆಯಾದ್ದರಿಂದ ಬಾಡಿಗೆಗೆ ತರ್ತಾರೆ. ನಮ್ಮಲ್ಲಿ ಆ ಬಾಡಿಗೆಯನ್ನೂ 'ನೆಗೋಷಿಯೇಟ್' ಮಾಡಲಾಗಿತ್ತು.

ಇದೆಲ್ಲ ಗೊತ್ತಿದ್ದೂ ಕಾಗದಕ್ಕೆ ಸಹಿ ಹಾಕಿದವನು ನಾನು.

ಮೂರು ತಿಂಗಳಿಗೆ ಶುರುವಾಯ್ತು. ದೂರದ ಮೂಲೆಯ ವೈಫೈ ತಟ್ಟೆಗಳು ತಾವಾಗೇ ಆಫ್ ಆಗಿ ಆನ್ ಆಗೋವು. ಕ್ಲೈಂಟ್ ಕಾಲ್ ನಡುವೆ ಮುಖಗಳು ಹೆಪ್ಪುಗಟ್ಟೋವು. ಸ್ವಿಚ್ ಬದಲಾಯಿಸಿದ್ದಾಯ್ತು, ಇಂಟರ್ನೆಟ್ ಕಂಪನಿಯವರನ್ನು ಬೈದದ್ದಾಯ್ತು. ಕೊನೆಗೆ ಸೀಲಿಂಗ್ ಒಡೆದೆವು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅಂತಾರಲ್ಲ, ಹಾಗೆ. ಹಿಂದಿನ ಬಾಡಿಗೆದಾರರ ಸತ್ತ ಕೇಬಲ್ಲುಗಳ ಗುಡ್ಡೆ ಹಾಗೇ ಬಿದ್ದಿತ್ತು. ಅದರ ಮೇಲೆ ನಮ್ಮದು, ಒಂದಕ್ಕೂ ಲೇಬಲ್ ಇಲ್ಲ. ಇಡೀ ಹೊರೆ ಕೆಳಗಿನ ಮಹಡಿಗೆ ಇಳಿಯುವ ಕಡೆ ತಲೆ ತೂರುವಷ್ಟು ದೊಡ್ಡ ತೂತು, ಮುಚ್ಚದೆ ಬಿಟ್ಟದ್ದು.

ಆ ತೂತು ನೋಡಿ ನನಗೆ ಡೇಟಾ ಮರೆತೇಹೋಯ್ತು. 2010ರ ಫೆಬ್ರವರಿ 23ರಂದು ಇದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದೂ ನಮ್ಮ ನಿಮ್ಮಂಥವರು ಕೆಲಸ ಮಾಡುವ ಆಫೀಸುಗಳ ಕಟ್ಟಡವೇ. ಮಹಡಿಯಿಂದ ಮಹಡಿಗೆ ಹೊಗೆ ಏರಿತ್ತು. ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಮುಚ್ಚದ ಕೇಬಲ್ ದಾರಿ ಅಂದರೆ ಹೊಗೆಗೆ ಕಟ್ಟಿಕೊಟ್ಟ ಚಿಮಣಿ. ಅದನ್ನು ಮುಚ್ಚುವ ಬೆಂಕಿ ತಡೆಯುವ ಸೀಲಂಟಿಗೆ ನಮ್ಮ ಪಾಚಿಗೋಡೆಯ ಒಂದು ಮೂಲೆಯಷ್ಟೂ ಖರ್ಚಾಗುತ್ತಿರಲಿಲ್ಲ.

ಮೀಟಿಂಗ್ ಕರೆದರು. ತೀರ್ಮಾನ: "ಆ ಹುಡುಗರು ಸರಿಯಾಗಿ ಕೆಲಸ ಮಾಡಿಲ್ಲ." ಎಲ್ಲರೂ ತಲೆಯಾಡಿಸಿದರು, ನಾನೂ ಸುಮ್ಮನಿದ್ದೆ. ಎರಡು ದಿನ ಬಿಟ್ಟು ಆ ಹುಡುಗನ ಫೋನು ಬಂತು. "ಸರ್, ನಮ್ ರೊಕ್ಕ ಹಿಡ್ಕೊಂಡಾರ್ರಿ. ನಾ ನಿಮಗ ಹೇಳಿದ್ನೆಲ್ರಿ?" ಹೇಳಿದ್ದ. ಇಡೀ ಪ್ರಾಜೆಕ್ಟಿನಲ್ಲಿ ನಿಜ ಹೇಳಿದವನು ಅವನೊಬ್ಬನೇ. ಅವತ್ತು ರಾತ್ರಿ ಕೂತು ನಡೆದದ್ದನ್ನೆಲ್ಲ ಬರೆದು ಎಲ್ಲರಿಗೂ ಮೇಲ್ ಹಾಕಿದೆ. ಉತ್ತರ ಒಂದೇ ಸಾಲು: ಓಕೆ, ಲೆಟ್ಸ್ ಮೂವ್ ಆನ್. ಹುಡುಗನಿಗೆ ಮೇಸ್ತ್ರಿ ಅರ್ಧ ದುಡ್ಡು ಕೊಟ್ಟಿದ್ದಾನಂತೆ. ಉಳಿದರ್ಧ ಇನ್ನೂ ಬಂದಿಲ್ಲ.

"ಬಜೆಟ್ ಇರ್ಲಿಲ್ಲ" ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಲ್ಯಾಪ್‌ಟಾಪನ್ನು ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸ್ತೀರಿ. ಕೇಬಲ್ ಹತ್ತು ಹದಿನೈದು ವರ್ಷ ಅಲ್ಲೇ ಇರುತ್ತೆ. ಒಳ್ಳೆಯ ತಯಾರಕರು 25 ವರ್ಷದ ವಾರಂಟಿಯನ್ನೂ ಕೊಡ್ತಾರೆ, ಆದರೆ ಪ್ರತಿ ಲಿಂಕಿನ ಟೆಸ್ಟ್ ರಿಪೋರ್ಟ್ ಕೇಳ್ತಾರೆ. ನಾವು ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾದದ್ದು ಸೀಲಿಂಗ್ ಒಡೆದು ಮತ್ತೆ ಕಟ್ಟಿಸುವುದಕ್ಕೆ. ಬಜೆಟ್ ಇತ್ತು. ಕಣ್ಣಿಗೆ ಕಾಣದ್ದಕ್ಕೆ ಇರಲಿಲ್ಲ.

ನಿಮ್ಮ ಆಫೀಸಲ್ಲೂ ರಿನೋವೇಷನ್ ಬರುತ್ತೆ. ಬಣ್ಣ, ಕುರ್ಚಿ, ಕಾಫಿ ಮೆಷಿನ್ನಿಗೆ ವೋಟ್ ಹಾಕೋಕೆ ನಿಮ್ಮನ್ನೂ ಕರೀತಾರೆ. ಆಗ ನಾಲ್ಕು ಮಾತು ಕೇಳಿ. ತಂತಿ ಪೂರ್ತಿ ತಾಮ್ರದ್ದಾ? ಸರ್ಟಿಫೈಯರ್ ರಿಪೋರ್ಟ್ ಸೀಲಿಂಗ್ ಮುಚ್ಚೋ ಮುಂಚೆ ಬರುತ್ತಾ? ಹಳೇ ಕೇಬಲ್ ಕಿತ್ತು, ತೂತು ಮುಚ್ಚುತ್ತಾರಾ? ಏಣಿ ಹತ್ತಿದ ಹುಡುಗರಿಗೆ ದುಡ್ಡು ಮುಟ್ಟಿತಾ? ನಿಮ್ಮ ಕೆಲಸ ಅದಲ್ಲ ಅಂತಾರೆ, ಅನ್ನಲಿ. ಆ ಸೀಲಿಂಗಿನ ಕೆಳಗೆ ದಿನಕ್ಕೆ ಒಂಬತ್ತು ತಾಸು ಕೂರೋರು ನೀವು.

ಎರಡನೇ ಸಲ ಕೇಬಲ್ ಎಳೆಯೋಕೆ ಬೇರೆ ಹುಡುಗರು ಬಂದಿದ್ದರು. ಬ್ಲೇಡು ಈ ಸಲ ನಾನೇ ಕೊಂಡುಹೋಗಿದ್ದೆ.