ಹುದ್ದೆಯಿಲ್ಲದ ವಿದ್ವಾಂಸನ ಅರ್ಜಿ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೈಸ್ಕೂಲು ಮೇಷ್ಟರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ಬಂದು, ಒಂದು ಅರ್ಜಿಯ ನಕಲನ್ನೂ ಅದಕ್ಕೆ ಬಂದ ಉತ್ತರವನ್ನೂ ನಮ್ಮ ಮುಂದಿಟ್ಟರು. ತಮ್ಮ ತಾಲ್ಲೂಕಿನಲ್ಲಿಯೂ ಪಕ್ಕದ ನಂಜನಗೂಡಿನಲ್ಲಿಯೂ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯನ್ನು ಮುದ್ರಿಸಿಕೊಂಡು ಬರೆದಿಡಲು ಅವರು ಸಂಸ್ಥೆಯೊಂದರಿಂದ 28,000 ರೂಪಾಯಿ ಕೇಳಿದ್ದರು. ನಾಲ್ವರು ಹಾಡುಗಾರರಿಗೆ ಏಳು ರಾತ್ರಿಗೆ, ತಲಾ 600ರಂತೆ, 16,800 ರೂಪಾಯಿ. ಧ್ವನಿ ಮುದ್ರಿಸುವ ಯಂತ್ರಕ್ಕೆ 7,000. ಬಸ್ ಚಾರ್ಜು, ಕಾಗದ, ಬೆರಳಚ್ಚಿಗೆ 4,200. ತಮಗೆಂದು ಅವರು ಒಂದು ಕಾಸನ್ನೂ ಹಾಕಿಕೊಂಡಿರಲಿಲ್ಲ.

ಹತ್ತು ತಿಂಗಳ ಮೇಲೆ ಬಂದ ಉತ್ತರ ಮೂರು ಸಾಲಿನದು: ಅರ್ಜಿ ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆಯ ಮೂಲಕ ಬರತಕ್ಕದ್ದು, ಹಾಡುವವರಿಗೆ ಹಣ ಕೊಡಲು ಲೆಕ್ಕದ ಬಾಬಿಲ್ಲ, ಆದುದರಿಂದ ತಿರಸ್ಕರಿಸಲಾಗಿದೆ. ಅಷ್ಟರಲ್ಲಿ ನಾಲ್ವರಲ್ಲಿ ಹಿರಿಯರು ತೀರಿಕೊಂಡಿದ್ದರು. "ಮೇಷ್ಟ್ರೇ, ಇದು ಒಂದು ರಾತ್ರಿಗೆ ಮುಗಿಯೋ ಕತೆಯಲ್ಲ, ಏಳು ರಾತ್ರಿ ಕೂತ್ಕೊಬೇಕು" ಎಂದು ಹೇಳಿದ್ದವರು ಅವರೇ. ಆ ಏಳು ರಾತ್ರಿಗಳು ಬರಲೇ ಇಲ್ಲ.

ಮಂಟೇಸ್ವಾಮಿ ಕಾವ್ಯ ಆಗಲೇ ಅಚ್ಚಾಗಿದೆಯಲ್ಲ ಎಂದು ಬಲ್ಲವರು ಕೇಳಬಹುದು. ಅಚ್ಚಾಗಿದೆ, ಸಂತೋಷ. ಆದರೆ ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ರಾತ್ರಿಯೆಲ್ಲ ಹಾಡುವ ಮೇಳಗಳಲ್ಲಿ ಒಂದರ ಪಾಠ ಇನ್ನೊಂದರದಲ್ಲ. ಒಬ್ಬ ಹಾಡುಗಾರ ಹೋದರೆ ಅವನ ಪಾಠವೂ ಅವನೊಡನೆ ಮಣ್ಣಿಗೆ ಹೋಗುತ್ತದೆ. ಪುಸ್ತಕವನ್ನು ಮರುಮುದ್ರಣ ಮಾಡಬಹುದು, ಮನುಷ್ಯನನ್ನು ಮಾಡಲಾಗದು.

ಈ ಎರಡು ತಾಲ್ಲೂಕುಗಳಲ್ಲಿ ವಿದ್ಯೆಗೆ ಹಣ ಹಾಕಿದ ಕಾಲವೂ ಇತ್ತು. ನಂಜನಗೂಡು, ನರಸೀಪುರ ಸೀಮೆಯ ಶಾಸನಗಳು ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ 1894ರಲ್ಲಿಯೇ ಅಚ್ಚಾದವು. ಸಂಗಮದ ದಡದಲ್ಲಿ 1959ರಲ್ಲಿ ಡಾ. ಎಂ. ಶೇಷಾದ್ರಿಯವರು ಉತ್ಖನನ ತೊಡಗಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ಜನರ ಮಡಕೆ, ಸಮಾಧಿಗಳು ಸಿಕ್ಕಿದವು. ವರದಿ 1971ರಲ್ಲಿ ಹೊರಬಂದಿತು. ಇವು ಯಾರೊಬ್ಬರ ಕಿಸೆಯ ಹಣದಿಂದ ಆದ ಕೆಲಸಗಳಲ್ಲ. ಸರ್ಕಾರ ಸಂಬಳ ಕೊಟ್ಟಿತು, ಕೂಲಿ ಕೊಟ್ಟಿತು, ಮುದ್ರಣದ ವೆಚ್ಚ ಕೊಟ್ಟಿತು. ಕಲ್ಲಿನ ಮೇಲಿನ ಮಾತಿಗೂ ಮಣ್ಣಿನೊಳಗಿನ ಮಡಕೆಗೂ ಸಿಕ್ಕಿದ ಮರ್ಯಾದೆ, ಬದುಕಿರುವ ಬಡ ಹಾಡುಗಾರನ ನಾಲಗೆಗೆ ಏಕೆ ಸಿಗಬಾರದು?

ಈಗಿನ ಏರ್ಪಾಡನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 2012ರಿಂದ 2017ರವರೆಗೆ, ನಡೆಸಿದ ಕಿರು ಸಂಶೋಧನಾ ಯೋಜನೆ ವಿಶ್ವವಿದ್ಯಾನಿಲಯ ಮತ್ತು ಕಾಲೇಜು ಅಧ್ಯಾಪಕರಿಗಾಗಿ ಇದ್ದದ್ದು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಯೋಜನೆಗಳ ಹಣ ಸಂಸ್ಥೆಯ ಮೂಲಕ ಕಂತುಕಂತಾಗಿ ಬರುತ್ತದೆ. ಕಾಲೇಜು ಅಧ್ಯಾಪಕರಿಗೆ ಸಿಕ್ಕಿದ್ದನ್ನು ನಾವು ಆಕ್ಷೇಪಿಸುವುದಿಲ್ಲ, ಅವರಿಗೂ ಸಾಲದು. ನಮ್ಮ ಪ್ರಶ್ನೆ ಹೊರಗೆ ಉಳಿದವರದು. ಹಳ್ಳಿಯ ಮೇಷ್ಟರು, ಎಂ.ಎ. ಮಾಡಿ ಮನೆಯಲ್ಲಿ ಕುಳಿತ ಕೂಲಿಕಾರನ ಮಗಳು, ಅಜ್ಜನ ತಂಬೂರಿ ಹಿಡಿಯಬಲ್ಲ ನೀಲಗಾರನ ಮೊಮ್ಮಗ – ಇವರು ಯಾವ ಸಂಸ್ಥೆಯ ಮುದ್ರೆ ತರಬೇಕು? ಹುದ್ದೆಯಿದ್ದವನಿಗೆ ಹಣ, ಹಣ ಪಡೆದವನಿಗೆ ಹೆಸರು, ಹೆಸರಿದ್ದವನಿಗೆ ಮತ್ತೆ ಹುದ್ದೆ – ಈ ಚಕ್ರದೊಳಗೆ ಬಡವನ ಮಗ ಎಲ್ಲಿಂದ ಕಾಲಿಡಬೇಕು?

ಮೇಷ್ಟರು ತಂದ ನಮೂನೆ ಹದಿನೆಂಟು ಪುಟದ್ದು, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದ ಹಾಡನ್ನು ಕನ್ನಡದಲ್ಲಿ ಬರೆದಿಡಲು ಅಪ್ಪಣೆ ಕೇಳುವುದು ಇಂಗ್ಲಿಷಿನಲ್ಲಿ! ಹಣ ಮಂಜೂರಾಗಿದ್ದರೂ ಅರ್ಧ ಕೈಗೆ ಬರುತ್ತಿದ್ದುದು ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಕೊಟ್ಟ ನಂತರ. ಅಲ್ಲಿಯವರೆಗೆ ಸಾಲ ಮಾಡಿ ಸಂಶೋಧನೆ ಮಾಡಬೇಕು. ಬಡ್ಡಿಗೂ ಅದರಲ್ಲಿ ಬಾಬಿಲ್ಲ.

ಇನ್ನು ಹಾಡುವವರ ಕೂಲಿಯ ಮಾತು. ರಾತ್ರಿ ಹಾಡಿದವನು ಮರುದಿನ ಕೆಲಸಕ್ಕೆ ಹೋಗಲಾರ. ಆ ದಿನದ ಗಂಜಿ ಅವನ ಮನೆಗೆ ಬರಬೇಕಲ್ಲವೇ? ಪ್ರಯಾಣಕ್ಕೆ ಬಾಬುಂಟು, ಕಾಗದಕ್ಕೆ ಬಾಬುಂಟು, ಹಾಡಿದ ಕಂಠಕ್ಕೆ ಇಲ್ಲ. ಹಾಡಿದವನಿಗೆ ಒಂದು ಲೋಟ ಚಹ, ಬರೆದುಕೊಂಡವನಿಗೆ ಡಾಕ್ಟರೇಟು – ಇದು ಶೋಷಣೆಯಲ್ಲದೆ ಮತ್ತೇನು?

ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಡವೇ ಎಂದು ಅಧಿಕಾರಿಗಳು ಕೇಳುತ್ತಾರೆ. ಖಂಡಿತ ಬೇಕು; ಅದು ಜನರ ತೆರಿಗೆ. ಆದರೆ ಲೆಕ್ಕ ಹಣದ ಅಳತೆಗೆ ತಕ್ಕುದಾಗಿರಲಿ. 28,000 ರೂಪಾಯಿಗೆ ಚೀಟಿಗಳು, ಹಾಡುಗಾರರ ಸಹಿ ಅಥವಾ ಹೆಬ್ಬೆಟ್ಟು, ಮುದ್ರಿಸಿದ ಧ್ವನಿಯ ಒಂದು ಪ್ರತಿ ಸಾಲದೇ? ಕೆಲಸ ಆಗಿದೆಯೋ ಇಲ್ಲವೋ ಎಂಬುದನ್ನು ಆ ಧ್ವನಿಯೇ ಹೇಳುತ್ತದೆ.

ನಮ್ಮವರ ತಪ್ಪನ್ನೂ ಹೇಳಬೇಕು. "ಜಾನಪದ ಸಂಸ್ಕೃತಿಯ ಸಮಗ್ರ ಅಧ್ಯಯನ" ಎಂದು ಬರೆದು ಎರಡು ಲಕ್ಷ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಲೂ ಬಾರದು. ಯಾವ ಊರು, ಯಾವ ಮೇಳ, ಎಷ್ಟು ರಾತ್ರಿ, ಹಿಂದೆ ಯಾರು ಏನು ಮಾಡಿದ್ದಾರೆ, ಅವರು ಬಿಟ್ಟದ್ದೇನು, ಕೊನೆಗೆ ಪ್ರತಿ ಎಲ್ಲಿರುತ್ತದೆ – ಇಷ್ಟನ್ನು ಎರಡು ಪುಟದಲ್ಲಿ ಹೇಳಲಾರದವನು ಇನ್ನೂ ಕೆಲಸಕ್ಕೆ ಸಿದ್ಧನಾಗಿಲ್ಲ. ಮೇಷ್ಟರ ಅರ್ಜಿಯಲ್ಲಿ ಇಷ್ಟೂ ಇತ್ತು.

ಸರ್ಕಾರವನ್ನು ನಾವು ಕೇಳುವುದು ನಾಲ್ಕೇ. ಒಂದು: ಐವತ್ತು ಸಾವಿರದೊಳಗಿನ ನೆರವಿಗೆ ಹುದ್ದೆಯಾಗಲಿ ಸಂಸ್ಥೆಯಾಗಲಿ ಷರತ್ತಾಗಬಾರದು, 1916ರಿಂದಿರುವ ಮೈಸೂರು ವಿಶ್ವವಿದ್ಯಾನಿಲಯವೋ 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವೋ ಇಂಥವರಿಗೆ ಜಾಮೀನಾಗಲಿ. ಎರಡು: ಅರ್ಜಿ ಕನ್ನಡದಲ್ಲಿ, ಎರಡು ಪುಟದಲ್ಲಿ ಇರಲಿ. ಮೂರು: ಮುಕ್ಕಾಲು ಹಣ ಮುಂಗಡವಾಗಿ ಬರಲಿ, ಹಾಡುವವರ ಕೂಲಿ ಮೊದಲ ಬಾಬಾಗಲಿ. ನಾಲ್ಕು: ಉತ್ತರ ಅರವತ್ತು ದಿನದೊಳಗೆ ಬರಲಿ.

ಉಳಿದ ಮೂವರು ಹಾಡುಗಾರರೂ ವಯಸ್ಸಾದವರೇ. ಮೇಷ್ಟರು ಬೇರೊಂದು ಕಡೆಗೆ ಮತ್ತೆ ಅರ್ಜಿ ಹಾಕುತ್ತಿದ್ದಾರೆ. ಅದರ ಉತ್ತರಕ್ಕೆ ಕಾಯದೆ ಮೊದಲ ರಾತ್ರಿಯ ಕೂಲಿಯನ್ನು ನಾವು ಚಂದಾ ಎತ್ತಿ ಕೊಡಲು ನಿಶ್ಚಯಿಸಿದ್ದೇವೆ. ನಾಲ್ಕು ಜನದ ಜಾಗದಲ್ಲಿ ಈಗ ಮೂವರು. ತಲಾ 600ರಂತೆ 1,800 ರೂಪಾಯಿ. ಎರಡೂ ತಾಲ್ಲೂಕಿನ ವಾಚಕರು ಕೈಲಾದುದನ್ನು ಕಚೇರಿಗೆ ತಲುಪಿಸಬೇಕು. ಮಿಕ್ಕ ಆರು ರಾತ್ರಿಗಳ ಹೊಣೆ ಸರ್ಕಾರದ್ದು. ಅದನ್ನು ಕೇಳುವುದನ್ನು ನಾವು ಬಿಡುವುದಿಲ್ಲ.