ಬೆಟ್ಟದೂರಿನ ಬಿಡಾರ

ಹಣ ಕೊಟ್ಟು ತಂಗಿದವನನ್ನು ಅತಿಥಿಯೆನ್ನಬಹುದೆ? ಕಳೆದ ತಿಂಗಳು ನಮ್ಮ ಜಗಲಿಯ ಮೇಲೆ ಈ ಮಾತು ಹುಟ್ಟಿತು. ನೆರೆಮನೆಯ ವಕೀಲರು, ಹಣದ ಪ್ರಸ್ತಾಪ ಬಂದೊಡನೆ ಆತಿಥ್ಯ ಮುಗಿಯಿತು, ಉಳಿದುದೆಲ್ಲ ವ್ಯಾಪಾರ, ಎಂದು ತೀರ್ಪು ಕೊಟ್ಟರು. ನಾವು ಆಗ ಸುಮ್ಮನಿದ್ದೆವು. ವಕೀಲರ ಎದುರಿನಲ್ಲಿ ವಾದಿಸುವುದಕ್ಕಿಂತ ವಾಚಕರ ಮುಂದೆ ಹೇಳಿಕೊಳ್ಳುವುದು ನಮಗೆ ಸುಲಭ.

2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಪಾಠಶಾಲೆಯ ಕೆಲಸದಿಂದ ಬಿಡುಗಡೆ ಹೊಂದಿದ ಹೊಸತರಲ್ಲಿ, ನಾವು ನಮ್ಮ ಮನೆಯವರೊಡನೆ ಬದರೀನಾಥದ ಯಾತ್ರೆಗೆ ಹೊರಟಿದ್ದೆವು. ಹೃಷೀಕೇಶದಿಂದ ಮೊದಲು ಗಂಗೆಯ, ತರುವಾಯ ಅಲಕನಂದೆಯ ದಡ ಹಿಡಿದು ಸುಮಾರು 250 ಕಿಲೋಮೀಟರು ಏರಿದರೆ ಜೋಶಿಮಠವೆಂಬ ಊರು. ಸಮುದ್ರಮಟ್ಟಕ್ಕೆ ಆರು ಸಾವಿರ ಅಡಿಗಳಿಗೂ ಮೇಲೆ. ಹೆಸರಿನ ಮೂಲರೂಪ ಜ್ಯೋತಿರ್ಮಠ. 2024ರಲ್ಲಿ ಸರಕಾರವು ಆ ತಾಲ್ಲೂಕಿಗೆ ಮೂಲನಾಮವನ್ನೇ ಮರಳಿ ಕೊಟ್ಟಿತು. ಆದರೂ ತದ್ಭವವನ್ನು ಆಜ್ಞೆಯಿಂದ ತತ್ಸಮ ಮಾಡುವುದು ಸುಲಭವಲ್ಲ. ಜನರ ಬಾಯಲ್ಲಿ ಜೋಶಿಮಠವೇ ನಿಂತಿದೆ. ಶಂಕರಭಗವತ್ಪಾದರು ಸ್ಥಾಪಿಸಿದರೆಂದು ಸಂಪ್ರದಾಯವು ಹೇಳುವ ನಾಲ್ಕು ಮಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿ, ಉತ್ತರದ್ದು ಇದು. ಅವರು ತಪಸ್ಸಿಗೆ ಕುಳಿತರೆಂದು ಹೇಳುವ ವೃಕ್ಷವನ್ನು ಅಲ್ಲಿಯವರು ಕಲ್ಪವೃಕ್ಷವೆಂದು ಪೂಜಿಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಹಿಪ್ಪುನೇರಳೆ!

ನಾವು ತಲಪಿದ ಸಂಜೆ ಮೇಲಿನ ದಾರಿಯಲ್ಲಿ ಗುಡ್ಡ ಜರಿದು ಬದರಿಯ ಮಾರ್ಗ ಕಟ್ಟಿಹೋಗಿತ್ತು. ಮಳೆ, ಚಳಿ, ಕತ್ತಲು. ಬಸ್ಸಿನಿಂದಿಳಿದವರೆಲ್ಲ ಬಿಡಾರ ಹುಡುಕುತ್ತ ಚದರಿದರು. ಇಳಿಜಾರಿನಲ್ಲಿದ್ದ ಒಂದು ಮನೆಯ ಬಾಗಿಲಲ್ಲಿ ನಿಂತಿದ್ದ ವೃದ್ಧೆಯೊಬ್ಬರು ನಮ್ಮ ಮನೆಯವರ ಒದ್ದೆಯಾದ ಸೆರಗನ್ನು ಕಂಡು, ಬಾಡಿಗೆಯ ಮಾತನ್ನೇ ಎತ್ತದೆ, ಕೈಹಿಡಿದು ಒಲೆಯ ಬಳಿಗೆ ಕರೆದೊಯ್ದರು. ಆ ಮನೆಯವರು ಯಾತ್ರಿಕರಿಗೆ ಕೋಣೆ ಕೊಡುವವರೆಂಬುದು ನಮಗೆ ತಿಳಿದುದು ಚಹಾ ಕುಡಿದ ಮೇಲೆ.

ಕೆಳಗೆ ಸಂಸಾರ, ಮೇಲೆ ಯಾತ್ರಿಕರಿಗೆ ನಾಲ್ಕು ಕೋಣೆಗಳು. ಆ ತಾಯಿಯನ್ನು ಎಲ್ಲರೂ ದಾದೀ ಎನ್ನುತ್ತಿದ್ದರು. ಮಗ ಲೆಕ್ಕಪತ್ರ ನೋಡುವವನು, ಸೊಸೆ ಅಡಿಗೆಯವಳು, ಮೊಮ್ಮಗಳು ಎಂಟನೆಯ ತರಗತಿಯವಳು. ಬದರಿಯ ಬಾಗಿಲು ತೆರೆದಿರುವ ಆರು ತಿಂಗಳು ದುಡಿದುದರಲ್ಲಿ ವರ್ಷವೆಲ್ಲ ಕಳೆಯಬೇಕು. ನವೆಂಬರಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಶಂಕರಾಚಾರ್ಯರ ಗದ್ದಿಗೆ ಜೋಶಿಮಠದ ನರಸಿಂಹ ದೇವಾಲಯಕ್ಕೆ ಇಳಿದುಬರುತ್ತದೆ. ಯಾತ್ರಿಕರು ಮಾತ್ರ ಅದರ ಹಿಂದೆ ಅಷ್ಟಾಗಿ ಬರುವುದಿಲ್ಲ.

ನಮ್ಮ ಹಿಂದೀ ಭಾಷೆಯ ವಿಷಯ ಒಂದು ಮಾತು. ಸಂಸ್ಕೃತ ಬಲ್ಲವನಿಗೆ ಹಿಂದಿ ತಾನಾಗಿ ಬರುವುದೆಂಬ ಭ್ರಮೆ ನಮಗಿತ್ತು. ಸ್ನಾನಕ್ಕೆ 'ಉಷ್ಣ ಜಲ' ಬೇಕೆಂದಾಗ ಆ ಹುಡುಗಿ ಕೈಮುಗಿದು ನಿಂತಳು, ನಾವೇನೋ ಮಂತ್ರ ಹೇಳುತ್ತಿರುವೆವೆಂದು. ನಮ್ಮ ಮನೆಯವರು 'ಗರಂ ಪಾನಿ' ಎಂದರು, ಬಿಸಿನೀರು ಬಂದಿತು.

ರಾತ್ರಿ ತಟ್ಟೆಗೆ ಬಿದ್ದ ಕಪ್ಪು ರೊಟ್ಟಿಯನ್ನು ಕಂಡು ಇದೇನೆಂದು ಕೇಳಿದೆವು. ಮಂಡುವಾ ಎಂದರು. ಮುರಿದು ಬಾಯಿಗಿಟ್ಟುಕೊಂಡರೆ ನಮ್ಮ ರಾಗಿ! ಅದರೊಡನೆ ಬಂದ ಗಹತ್ ಎಂಬ ಬೇಳೆಯ ಸಾರು ನಮ್ಮ ಹುರುಳಿಯದೇ, ಸಂಸ್ಕೃತದ ಕುಲತ್ಥ. ಎರಡು ಸಾವಿರ ಕಿಲೋಮೀಟರು ದಾಟಿ ಬಂದು ನಮ್ಮ ಅಜ್ಜಿಯ ಅಡಿಗೆಮನೆಯಲ್ಲಿ ಕುಳಿತಂತಾಯಿತು. ನಮ್ಮಲ್ಲಿ ರಾಗಿಯನ್ನು ಮುದ್ದೆ ಮಾಡುತ್ತೇವೆಂದುದನ್ನು ದಾದೀ ನಂಬಲಿಲ್ಲ. ಮರುದಿನ ನಮ್ಮ ಮನೆಯವರು ಅವರ ಒಲೆಯ ಮೇಲೆ ಎಸರಿಟ್ಟು ಹಿಟ್ಟು ಹಾಕಿ, ಲಟ್ಟಣಿಗೆಯಿಂದಲೇ ತೊಳಸಿ ತೋರಿಸಿದರು. ದಾದೀ ಎರಡು ಬಾರಿ ಅಗಿದು, ಇದನ್ನು ಅಗಿಯಬಾರದೆಂದು ಹೇಳಿಸಿಕೊಂಡು, ನುಂಗಿ, ಬಹಳ ಹೊತ್ತು ನಕ್ಕರು.

ಒಂದೇ ರಾತ್ರಿ ತಂಗುವವನು ಅತಿಥಿ ಎಂದು ಮನುಸ್ಮೃತಿಯ ಲಕ್ಷಣ. ದಾರಿ ತೆರೆಯದೆ ನಾವು ಮೂರು ರಾತ್ರಿ ಉಳಿದುದರಿಂದ ಶಾಸ್ತ್ರರೀತ್ಯಾ ಆ ಪದವಿಯನ್ನು ಕಳೆದುಕೊಂಡಿದ್ದೆವು. ಹೊರಡುವಾಗ ಹುಡುಗಿ ಪುಸ್ತಕದಲ್ಲಿ ಲೆಕ್ಕ ಬರೆದು ತಂದಳು. ಮೇಷ್ಟರ ಚಾಳಿ ಹೋಗುವುದೆ? ಕೂಡಿ ನೋಡಿದೆವು. ಕೋಣೆಯ ಬಾಡಿಗೆ ಮೂರು ರಾತ್ರಿಗೂ ಸರಿಯಾಗಿತ್ತು. ಊಟ ಮಾತ್ರ ಮೊದಲ ದಿನದ್ದಷ್ಟೇ. ತಪ್ಪಾಗಿದೆ ಮಗು, ಎಂದೆವು. ಅವಳು ತಲೆಯಾಡಿಸಿ, "ತಪ್ಪಲ್ಲ ಗುರೂಜಿ, ದಾರಿ ಕಟ್ಟಿದ ದಿನಗಳ ಅನ್ನವನ್ನು ಬರೆಯಕೂಡದೆಂದು ದಾದೀ ಹೇಳಿದ್ದಾರೆ," ಎಂದಳು.

ನಮ್ಮ ಕೋಣೆಯ ಗೋಡೆಯ ಮೇಲೊಂದು ಕ್ಯಾಲೆಂಡರು, ಇರಬೇಕಾದುದಕ್ಕಿಂತ ಕೆಳಗೆ ತೂಗುತ್ತಿತ್ತು. ಗಾಳಿಗೆ ಅದು ಹಾರಿದಾಗ ಹಿಂದೆ ಬೆರಳು ಹೋಗುವಷ್ಟು ಬಿರುಕು ಕಂಡಿತು. ಕೇಳಿದಾಗ ದಾದೀ ನರಸಿಂಹಸ್ವಾಮಿಯ ಕಥೆ ಹೇಳಿದರು: ಅಲ್ಲಿಯ ಮೂರ್ತಿಯ ಎಡಗೈ ವರ್ಷವರ್ಷಕ್ಕೆ ಸಣ್ಣದಾಗುತ್ತಿದೆಯಂತೆ, ಅದು ಕಳಚಿದ ದಿನ ಎರಡು ಪರ್ವತಗಳು ಕೂಡಿ ಬದರಿಯ ದಾರಿ ಮುಚ್ಚುವುದಂತೆ, ಅನಂತರ ಪೂಜೆ ಭವಿಷ್ಯ ಬದರಿಯಲ್ಲಂತೆ. ಮಗ ಹೇಳಿದುದು ಬೇರೆ. ಊರು ನಿಂತಿರುವುದು ಗಟ್ಟಿಬಂಡೆಯ ಮೇಲಲ್ಲ, ಎಂದೋ ಜರಿದು ಬಿದ್ದ ಮಣ್ಣುಕಲ್ಲಿನ ರಾಶಿಯ ಮೇಲೆ. 1976ರಲ್ಲಿಯೇ ಸರಕಾರದ ಮಿಶ್ರಾ ಸಮಿತಿಯು ಇದನ್ನು ಹೇಳಿ, ಭಾರಿ ಕಟ್ಟಡ ಕಟ್ಟಬೇಡಿ, ಮರ ಕಡಿಯಬೇಡಿ, ಬಂಡೆ ಕೀಳಬೇಡಿ, ನೀರು ಹರಿದುಹೋಗಲು ಚರಂಡಿ ಮಾಡಿ ಎಂದು ಎಚ್ಚರಿಸಿತ್ತು. "ಮೇಲಿನ ಎರಡು ಕೋಣೆ ನಾನೇ ಕಟ್ಟಿಸಿದ್ದು, ಗುರೂಜಿ. ಯಾತ್ರಿಕರು ಹೆಚ್ಚಿದರು," ಎಂದು ಆತನು ಮೆಲ್ಲಗೆ ನುಡಿದನು. ನಾವು ಮಲಗಿದ್ದುದು ಆ ಎರಡರಲ್ಲೊಂದರಲ್ಲಿ. ಬೆಟ್ಟದ ಮೇಲಿನ ಭಾರದಲ್ಲಿ ನಮ್ಮ ಟ್ರಂಕೂ ಸೇರಿತ್ತು.

2023ರ ಜನವರಿಯ ಮೊದಲ ವಾರ ಪತ್ರಿಕೆಗಳಲ್ಲಿ ಜೋಶಿಮಠದ ಹೆಸರು ಬಂದಿತು. ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು. ಉಪಗ್ರಹದಿಂದ ಅಳೆದವರ ಪ್ರಕಾರ ಡಿಸೆಂಬರ್ 27ರಿಂದ ಜನವರಿ 8ರ ವರೆಗಿನ ಹನ್ನೆರಡು ದಿನಗಳಲ್ಲಿ ನೆಲ 5.4 ಸೆಂಟಿಮೀಟರು ಕುಸಿದಿತ್ತು. ಇರಬಾರದ ಮನೆಗಳ ಗೋಡೆಗೆ ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು. ಮೂವತ್ತು ವರ್ಷ ಮಕ್ಕಳ ಪಟ್ಟಿಯಲ್ಲಿ ಕೆಂಪು ಗುರುತು ಹಾಕಿದ ಕೈ ನಮ್ಮದು. ಆ ಚಿತ್ರವನ್ನು ಬಹಳ ಹೊತ್ತು ನೋಡಲಾರದೆ ಹೋದೆವು. ನಾಲ್ಕು ದಿನ ಪ್ರಯತ್ನಿಸಿದ ಮೇಲೆ ದೂರವಾಣಿಯಲ್ಲಿ ಹುಡುಗಿ ಸಿಕ್ಕಿದಳು. "ನಮ್ಮದಕ್ಕೂ ಹಾಕಿದ್ದಾರೆ," ಎಂದಳು.

2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಹೋದೆವು. ಬದರಿಗೆಂದು ಊರಿನಲ್ಲಿ ಹೇಳಿದ್ದೆವು. ಅವರು ಕಣಿವೆಯ ಕೆಳಗಿನ ಒಂದು ಊರಿನಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿದ್ದರು. ಮಗ ಬೇರೆಯವರ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದನು. ಹಳೆಯ ಮನೆಯಿಂದ ತಂದ ರಜಾಯಿಗಳು ಗೋಡೆಯುದ್ದಕ್ಕೆ ಸೂರಿನ ತನಕ ಪೇರಿಸಿದ್ದುವು. ಎಂಟು ಮಂದಿ ಯಾತ್ರಿಕರಿಗೆ ಸಾಲುವಷ್ಟು. ದಾದೀ ಬಹಳ ಇಳಿದುಹೋಗಿದ್ದರು. ಆದರೂ ನಮ್ಮನ್ನು ಒಂದು ಕೋಣೆಯಲ್ಲಿ ಮಲಗಿಸಿ ಮನೆಯವರೆಲ್ಲ ಇನ್ನೊಂದರಲ್ಲಿ ಮಲಗಿದರು; ಬೇಡವೆಂದುದನ್ನು ಯಾರೂ ಕೇಳಲಿಲ್ಲ. ರಾತ್ರಿಯ ತಟ್ಟೆಯಲ್ಲಿ ಮುದ್ದೆಯಿತ್ತು. ಗಂಟುಗಂಟಾಗಿ, ನಡುವೆ ಹಸಿಹಿಟ್ಟು. ನಾವು ಎರಡು ಉಂಡೆವು.

ಬೆಳಗ್ಗೆ ಹೊರಡುವಾಗ ಕವರಿನಲ್ಲಿ ಹಣವಿಟ್ಟು ದಾದೀಯ ಮುಂದೆ ಹಿಡಿದೆವು. ಅವರು ಅದನ್ನು ನೋಡಿ, ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿ, "ಯಾವ ಕೋಣೆಯ ಬಾಡಿಗೆ, ಗುರೂಜಿ?" ಎಂದರು. ಹುಡುಗಿಯ ಪುಸ್ತಕದ ಖರ್ಚಿಗೆಂದು ಹೇಳಿ ಅವಳ ಕೈಯಲ್ಲಿಟ್ಟೆವು. ಅವಳು ಅಜ್ಜಿಯ ಮುಖ ನೋಡಿ, ಅಜ್ಜಿ ಹೂಂ ಎಂದ ಮೇಲೆ ತೆಗೆದುಕೊಂಡಳು.

ವಕೀಲರಿಗೆ ಇದನ್ನು ನಾವಿನ್ನೂ ಹೇಳಿಲ್ಲ. ಈ ಪತ್ರಿಕೆ ಅವರ ಮನೆಗೂ ಬರುತ್ತದೆ.