ತಣ್ಣನೆ ಗಾಳಿಗೆ 30,000 ರೂಪಾಯಿಯೇ?

ಮನೆ-ಆಫೀಸು ಓಡಾಟದ ಪೆಟ್ರೋಲ್ ಕಾರಿಗೆ, ಎಂಜಿನ್‌ಗೆ ತಣ್ಣನೆ ಗಾಳಿ ಕೊಡುತ್ತದೆನ್ನುವ ಕೋಲ್ಡ್ ಏರ್ ಇಂಟೇಕ್ ಕಿಟ್ ಹಾಕಿಸುವುದು ದುಡ್ಡು ದಂಡ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕೌಂಟರುಗಳಿಂದ ಹಿಡಿದು ಕಾರು ಹುಚ್ಚಿನ ಗೆಳೆಯರವರೆಗೆ ಎಲ್ಲರೂ ಇದಕ್ಕೆ ಜಗಳ ತೆಗೆಯುತ್ತಾರೆ. ಅವರ ವಾದಗಳೆಲ್ಲ ಪೊಳ್ಳಲ್ಲ, ಒಂದೆರಡು ಗಟ್ಟಿಯಾಗಿಯೇ ಇವೆ. ಆದರೆ ಕಿಟ್ ಮಾರಾಟವಾಗುವುದು ಪೊಳ್ಳು ವಾದಗಳ ಬಲದ ಮೇಲೆ.

ಮೊದಲನೆಯದು, ‘ಕಂಪನಿ ಕೊಟ್ಟ ಇಂಟೇಕ್ ಎಂಜಿನ್‌ಗೆ ಬಿಸಿ ಗಾಳಿ ಕುಡಿಸುತ್ತದೆ’ ಎಂಬುದು. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಕಪ್ಪು ಪ್ಲಾಸ್ಟಿಕ್ ಕೊಳವೆ ಎಲ್ಲಿಗೆ ಹೋಗುತ್ತದೆ ನೋಡಿ. ಇವತ್ತಿನ ಬಹುತೇಕ ಕಾರುಗಳಲ್ಲಿ ಅದರ ಬಾಯಿ ರೇಡಿಯೇಟರ್ ಮೇಲ್ಗಡೆ ಗ್ರಿಲ್ ಹಿಂದೆ, ಇಲ್ಲವೇ ಮುಂದಿನ ಮಡ್‌ಗಾರ್ಡ್‌ನ ಒಳಮೈಯಲ್ಲಿ ಇರುತ್ತದೆ. ಅಂದರೆ ಎಂಜಿನ್ ಕಾವು ತಟ್ಟುವ ಮೊದಲೇ ಹೊರಗಾಳಿಯನ್ನು ಹಿಡಿದು ತರುತ್ತದೆ. ಕೋಲ್ಡ್ ಏರ್ ಇಂಟೇಕ್ ಅಂದರೆ ಇದೇ ತಾನೆ! ಅದನ್ನು ಕಿತ್ತು ಹಾಕುವ ಕಿಟ್‌ಗಳಲ್ಲಿ ಎಷ್ಟೋ ಬರೀ ಹೊಳೆಯುವ ಅಲ್ಯೂಮಿನಿಯಂ ಪೈಪು, ತುದಿಗೊಂದು ಕೆಂಪು ಕೋನ್ ಫಿಲ್ಟರು. ಫಿಲ್ಟರ್ ಕೂರುವುದು ಬಾನೆಟ್ ಕೆಳಗೆ, ರೇಡಿಯೇಟರ್ ಫ್ಯಾನ್ ಬಿಸಿಗಾಳಿ ಊದುವ ಜಾಗದಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತ ಕಾರಿನಲ್ಲಿ ಅದಕ್ಕೆ ಸಿಗುವ ಗಾಳಿ ಎಂಥದ್ದು ಎಂದು ಹೇಳಬೇಕಿಲ್ಲ.

ನನ್ನ ಮಾತನ್ನೇ ನಂಬಬೇಕಿಲ್ಲ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸುವ ಅಗ್ಗದ ಓಬಿಡಿ ರೀಡರ್ ಒಂದಿದ್ದರೆ, ಒಳಬರುವ ಗಾಳಿಯ ಉಷ್ಣಾಂಶ ಮೊಬೈಲ್‌ನಲ್ಲೇ ಕಾಣುತ್ತದೆ. ಟರ್ಬೊ ಇಲ್ಲದ ಕಾರನ್ನು ಖಾಲಿ ರಸ್ತೆಯಲ್ಲಿ 80ರ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ ನೋಡಿ. ಹೊರಗೆ 28 ಡಿಗ್ರಿ, ಒಳಗೆ 33 ಎಂದು ತೋರಿಸಿದರೆ, ಎಂಥ ಕಿಟ್ ಹಾಕಿದರೂ ಇಳಿಸಬಹುದಾದದ್ದು ಹೆಚ್ಚೆಂದರೆ ಆ ಐದು ಡಿಗ್ರಿ. ಗಾಳಿ 10 ಡಿಗ್ರಿ ತಣ್ಣಗಾದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಏರುತ್ತದೆ. ಐದಕ್ಕೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ.

‘ಸರಿ, ಬಾನೆಟ್ ಕೆಳಗೆ ಬೇಡ, ಫಿಲ್ಟರನ್ನು ಬಂಪರ್ ಹಿಂದೆ ತಗ್ಗಿನಲ್ಲಿ ಕೂರಿಸೋಣ’ ಅನ್ನುವವರಿದ್ದಾರೆ. ಅಲ್ಲಿ ಗಾಳಿ ತಣ್ಣಗಿರುವುದು ನಿಜ. ನೀರಿಗೂ ಅದೇ ಹತ್ತಿರ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಮುಳುಗಿದ್ದನ್ನು ಬೆಂಗಳೂರಿನವರು ಮರೆತಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿಗೆ ಒಂದು ಲೋಟದಷ್ಟು ನೀರು ನುಗ್ಗಿದರೂ ಮೇಲೇರುವ ಪಿಸ್ಟನ್ ಅಲ್ಲೇ ತಡೆಬಿದ್ದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪನಿಯವರು ಕೊಳವೆಯ ಬಾಯಿಯನ್ನು ಅಷ್ಟು ಎತ್ತರದಲ್ಲಿ ಇಡುವುದಕ್ಕೆ ಇದೂ ಒಂದು ಕಾರಣ.

ಇನ್ನು, ‘ಪೇಪರ್ ಫಿಲ್ಟರ್ ಎಂಜಿನ್‌ನ ಉಸಿರು ಕಟ್ಟಿಸುತ್ತದೆ’ ಎಂಬ ವಾದ. 1.2 ಲೀಟರಿನ ಎಂಜಿನ್ 6,000 ಆರ್‌ಪಿಎಮ್‌ನಲ್ಲಿ ಎಳೆದುಕೊಳ್ಳುವುದು ನಿಮಿಷಕ್ಕೆ ಮೂರು ಸಾವಿರ ಲೀಟರಿಗೂ ತುಸು ಹೆಚ್ಚು ಗಾಳಿ. ಆ ಹೊತ್ತಿನಲ್ಲೂ ಚೊಕ್ಕಟವಾದ ಫಿಲ್ಟರು, ಡಬ್ಬಿ, ಕೊಳವೆ ಎಲ್ಲ ಸೇರಿ ತಡೆಯುವುದು ಸಾಮಾನ್ಯವಾಗಿ ಎರಡು ಮೂರು ಕಿಲೋಪಾಸ್ಕಲ್ ಒತ್ತಡವನ್ನು. ವಾತಾವರಣದ ಒತ್ತಡ ನೂರರ ಆಸುಪಾಸು. ತಡೆಯನ್ನು ಪೂರ್ತಿ ಇಲ್ಲವಾಗಿಸಿದರೂ ಸಿಗುವುದು ಶೇ. 2-3. ಅಷ್ಟೂ ಸಿಗಬೇಕಾದರೆ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಮೀಟರಿನ ಕೆಂಪು ಗೆರೆಯವರೆಗೆ ಎಳೆಯಬೇಕು. ಊರೊಳಗೆ 2,000 ಆರ್‌ಪಿಎಮ್‌ನಲ್ಲಿ ಓಡುವ ಕಾರಿನಲ್ಲಿ ಗಾಳಿಗೆ ಅಡ್ಡ ನಿಂತಿರುವುದು ಫಿಲ್ಟರ್ ಅಲ್ಲ, ಅರ್ಧಕ್ಕಿಂತ ಹೆಚ್ಚು ಮುಚ್ಚಿರುವ ಥ್ರಾಟಲ್.

‘ಪಿಕಪ್ ಹೆಚ್ಚಾದದ್ದು ನನಗೇ ಗೊತ್ತಾಯಿತು’ ಅನ್ನುವವರಿಗೆ ಒಂದು ಪ್ರಶ್ನೆ. ಬೆಂಗಳೂರಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಅಲ್ಲಿಯ ಸೆಕೆಯನ್ನು ಕಳೆದರೂ, ಶಿರಾಡಿ ಘಾಟಿ ಇಳಿದು ಕರಾವಳಿ ಮುಟ್ಟುವಷ್ಟರಲ್ಲಿ ಟರ್ಬೊ ಇಲ್ಲದ ಎಂಜಿನ್‌ಗೆ ಶೇ. 8ರ ಆಸುಪಾಸು ಹೆಚ್ಚು ಗಾಳಿ ಸಿಗುತ್ತಿರುತ್ತದೆ. ಯಾವ ಕಿಟ್ಟೂ ಕೊಡದಷ್ಟು, ಅದೂ ಬಿಟ್ಟಿಯಾಗಿ. ಅಲ್ಲಿ ಇಳಿದಾಗ ‘ಅರೆ, ಕಾರು ಹಾರುತ್ತಿದೆ’ ಎಂದು ನಿಮಗೆ ಅನ್ನಿಸಿದೆಯೇ? ಇಲ್ಲವೆಂದಾದರೆ ಶೇ. 2 ಸೀಟಿಗೆ ಗೊತ್ತಾದದ್ದು ಹೇಗೆ? ಗೊತ್ತಾದದ್ದು ಕಿವಿಗೆ.

ಮೈಲೇಜ್ ವಾದವನ್ನು ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲೇ ಮುಗಿಸಿದೆ. ಅವರು ಇಂಧನ ಇಂಜೆಕ್ಷನ್ ಇರುವ ಕಾರುಗಳ ಫಿಲ್ಟರುಗಳಿಗೆ ಬೇಕೆಂದೇ ತಡೆ ಒಡ್ಡಿ ಪರೀಕ್ಷಿಸಿದರು. ವೇಗ ಏರುವುದು ನಿಧಾನವಾಯಿತು, ಮೈಲೇಜ್ ಗಮನಿಸುವಷ್ಟು ಕೆಡಲಿಲ್ಲ. ಕಟ್ಟಿಕೊಂಡ ಫಿಲ್ಟರೇ ಪೆಟ್ರೋಲ್ ಕುಡಿಯುವುದಿಲ್ಲ ಎಂದಾದರೆ, ಕಟ್ಟಿಕೊಳ್ಳದ ಫಿಲ್ಟರನ್ನು ತೆಗೆದು ಉಳಿಸುವುದೇನನ್ನು? ಕಾರ್ಬುರೇಟರ್ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು.

ಅಂಗಡಿಯವರ ಬ್ರಹ್ಮಾಸ್ತ್ರವೆಂದರೆ ಕಾರಿನ ಶಕ್ತಿ ಅಳೆಯುವ ಡೈನೋ ಯಂತ್ರದ ಕಾಗದ. ‘ಮುಂಚೆ ಇಷ್ಟು, ಆಮೇಲೆ ಇಷ್ಟು, ನಾಲ್ಕು ಬಿಎಚ್‌ಪಿ ಜಾಸ್ತಿ.’ ಡೈನೋ ಸುಳ್ಳು ಹೇಳುವುದಿಲ್ಲ, ಆದರೆ ಅದನ್ನು ನಡೆಸುವ ರೀತಿ ಸುಳ್ಳು ಹೇಳಿಸಬಹುದು. ಬಾನೆಟ್ ತೆರೆದಿರುತ್ತದೆ, ಎದುರಿಗೆ ದೊಡ್ಡ ಫ್ಯಾನ್. ತೆರೆದ ಕೋನ್ ಫಿಲ್ಟರಿಗೆ ಅದಕ್ಕಿಂತ ಸುಖದ ಜಾಗ ಬೇರೆ ಇಲ್ಲ. ಒಂದೇ ಕಾರನ್ನು ಏನೂ ಬದಲಿಸದೆ ಎರಡು ಸಲ ಓಡಿಸಿದರೂ ಅಂಕಿ ಒಂದೆರಡು ಶೇಕಡಾ ಆಚೀಚೆ ಆಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಗಾಳಿಯ ಪ್ರಮಾಣ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ, ಸೆನ್ಸರ್ ಕೂರುವ ಪೈಪಿನ ಅಗಲ ಬದಲಾದರೆ ಅದರ ಲೆಕ್ಕವೇ ತಪ್ಪುತ್ತದೆ. ಅಗಲ ಹೆಚ್ಚಾದರೆ ಒಳಗೆ ಬಂದಿರುವುದಕ್ಕಿಂತ ಕಡಿಮೆ ಗಾಳಿ ಬಂದಿದೆ ಎಂದು ಎಂಜಿನ್‌ನ ಕಂಪ್ಯೂಟರಾದ ಇಸಿಯು ತಿಳಿಯುತ್ತದೆ, ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಡಿಮೆ ಹಾಕುತ್ತದೆ. ಕಾಗದದ ಮೇಲೆ ಕಾಣುವ ಶಕ್ತಿಯಲ್ಲಿ ಒಂದು ಪಾಲು ಕೆಲವೊಮ್ಮೆ ಹೀಗೆ ಬಂದದ್ದು, ಎಂಜಿನ್‌ನ ಕಾವನ್ನು ಏರಿಸಿ.

‘ತೊಳೆದು ಮತ್ತೆ ಹಾಕಬಹುದು, ಜೀವಮಾನಕ್ಕೆ ಒಂದೇ ಫಿಲ್ಟರ್, ಉಳಿತಾಯ’ ಎಂಬ ಮಾತಿಗೆ ಅಂಕಗಣಿತ ಸಾಕು. ಪೇಪರ್ ಫಿಲ್ಟರಿಗೆ 400 ರೂಪಾಯಿ, ಧೂಳಿನ ರಸ್ತೆಯೆಂದು 20,000 ಕಿ.ಮೀ.ಗೇ ಬದಲಿಸಿದಿರಿ ಎಂದು ಹಿಡಿಯಿರಿ. ಕಿಟ್ ಬಿಡಿ, 6,000 ರೂಪಾಯಿಯ ಬಿಡಿ ಕಾಟನ್ ಫಿಲ್ಟರಿನ ದುಡ್ಡು ಹುಟ್ಟಲು ಮೂರು ಲಕ್ಷ ಕಿಲೋಮೀಟರ್ ಬೇಕು, ತೊಳೆಯುವ ದ್ರಾವಣ ಮತ್ತು ಎಣ್ಣೆಯ ಖರ್ಚು ಬೇರೆ. ಎಣ್ಣೆ ಹೆಚ್ಚಾಗಿ ಸವರಿದರೆ ಅದು ಮೇಲೆ ಹೇಳಿದ ಸೆನ್ಸರಿನ ಮೇಲೆ ಹೋಗಿ ಕೂರುತ್ತದೆ. ಗಾಳಿಯನ್ನು ಸುಲಭವಾಗಿ ಬಿಡುವ ಬಟ್ಟೆ ಸಣ್ಣ ಧೂಳನ್ನೂ ಸಾಮಾನ್ಯವಾಗಿ ತುಸು ಸುಲಭವಾಗಿಯೇ ಬಿಡುತ್ತದೆ. ಹೊಸಪೇಟೆ-ಸಂಡೂರು ಕಡೆಯ ಅದಿರಿನ ರಸ್ತೆಗಳಲ್ಲಿ ಓಡಾಡುವವರಿಗೆ ಇದು ತಮಾಷೆಯ ಮಾತಲ್ಲ.

‘ಅಮೆರಿಕದಲ್ಲಿ ಇಂಟೇಕ್ ಹಾಕಿಸಿದ್ದಕ್ಕೇ ವಾರಂಟಿ ನಿರಾಕರಿಸುವಂತಿಲ್ಲ, ಕಿಟ್ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರದ ಅನುಮತಿ ಸಂಖ್ಯೆಯೂ ಇದೆ’ ಎಂದೂ ಹೇಳುತ್ತಾರೆ. ಅದು ಆ ದೇಶದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ. ನಮ್ಮೂರಿನ ಸರ್ವಿಸ್ ಸೆಂಟರಿನ ಕೌಂಟರ್‌ನಲ್ಲಿ ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ಕ್ಯಾಲಿಫೋರ್ನಿಯಾದ ಸಂಖ್ಯೆ ಹೇಳುವುದು ಹೊಗೆ ಹೆಚ್ಚಾಗುವುದಿಲ್ಲ ಎಂಬುದನ್ನು ಮಾತ್ರ, ಶಕ್ತಿ ಹೆಚ್ಚುತ್ತದೆ ಎಂದಲ್ಲ.

ಗಟ್ಟಿ ವಾದ ಟರ್ಬೊದವರದು. ಟರ್ಬೊ ಪೆಟ್ರೋಲ್ ಕಾರನ್ನು ರೀಮ್ಯಾಪ್ ಮಾಡಿಸಿ (ಇಸಿಯು ಪ್ರೋಗ್ರಾಂ ತಿದ್ದಿಸಿ) ಬೂಸ್ಟ್ ಏರಿಸಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಯ್ದು ಓಡಿಸುವವರಿಗೆ ನನ್ನ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಎಂಜಿನ್ ಕೇಳುವ ಗಾಳಿ ಕಂಪನಿ ಎಣಿಸಿದ್ದಕ್ಕಿಂತ ಹೆಚ್ಚು, ತಡೆ ಕಡಿಮೆಯಾದರೆ ಟರ್ಬೊ ಶ್ರಮ ಇಳಿಯುತ್ತದೆ. ಒಳ್ಳೆಯ ಮುಚ್ಚಿದ ಡಬ್ಬಿಯ ಇಂಟೇಕ್ ಅವರಿಗೆ ಬೇಕಾದ್ದೇ. ರೀಮ್ಯಾಪ್ ಇಲ್ಲದ ಟರ್ಬೊ ಬೇರೆ ಮಾತು. ಅಲ್ಲಿ ಎಷ್ಟು ಟಾರ್ಕ್ ಬೇಕೆಂದು ಇಸಿಯು ಮೊದಲೇ ನಿಗದಿ ಮಾಡಿರುತ್ತದೆ, ಗಾಳಿ ಸಲೀಸಾಗಿ ಬಂದರೆ ಟರ್ಬೊವನ್ನು ಅಷ್ಟರಮಟ್ಟಿಗೆ ಹದಕ್ಕೆ ಇಳಿಸಿ ಹಳೆಯ ಅಂಕಿಗೇ ತಂದು ನಿಲ್ಲಿಸುತ್ತದೆ. ಗುಡ್ಡ ಅಗೆದರೆ ಇಲಿಯೂ ಸಿಗದ ಕಥೆ.

ಉಳಿದದ್ದು ಸದ್ದು. ‘ಶಕ್ತಿ ಬೇಡ, ಮೈಲೇಜ್ ಬೇಡ, ಕಾಲಿಟ್ಟ ಕೂಡಲೇ ಬರುವ ಆ ಗುಟುರು ಬೇಕು’ ಎಂದು ನೇರವಾಗಿ ಹೇಳುವವನ ಹತ್ತಿರ ನನಗೆ ಜಗಳವಿಲ್ಲ. ಆ ಗುಟುರು ನಿಜ. ಕಂಪನಿಯವರು ಕೊಳವೆಯ ಪಕ್ಕಕ್ಕೆ ಅಂಟಿಸಿದ ಖಾಲಿ ಪ್ಲಾಸ್ಟಿಕ್ ಡಬ್ಬಿಯ ಕೆಲಸವೇ ಅದನ್ನು ನುಂಗುವುದು. ಆದರೆ ಆಸೆ ಅಷ್ಟೇ ಇದ್ದರೆ 30,000 ಯಾಕೆ? ಎಷ್ಟೋ ಕಾರುಗಳಲ್ಲಿ ಆ ಡಬ್ಬಿಯೊಂದನ್ನು ಬಿಚ್ಚಿ, ತೂತಿಗೆ ಗಾಳಿಯಾಡದಂತೆ ಮುಚ್ಚಳ ಹಾಕಿದರೆ ಗುಟುರಿನ ಒಂದು ಪಾಲು ಕಿವಿಗೆ ಬೀಳುತ್ತದೆ. ಫಿಲ್ಟರ್ ಇದ್ದಲ್ಲೇ ಇರುತ್ತದೆ, ಕೊಳವೆಯ ಬಾಯಿ ಎತ್ತರದಲ್ಲೇ ಇರುತ್ತದೆ. ಬೇಸರವಾದ ದಿನ ಡಬ್ಬಿಯನ್ನು ವಾಪಸ್ ಸಿಕ್ಕಿಸಬಹುದು.